ತೋಳೆಲುಬಿನ ತಲೆ ಮೇಲಕ್ಕೆ ಜಾರುವುದು ಯಾವಾಗ?

ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತ ಹಿಡಿದಿರುವ ಸ್ನಾಯುಗಳ ಗುಂಪು) ಹರಿದರೆ ಕೀಲು ಸ್ಥಾನ ತಪ್ಪುತ್ತದೆ ಎಂಬ ಮಾತು ಅರ್ಧ ಸರಿ. ಆ ಗುಂಪಿನಲ್ಲಿ ಮೇಲ್ಗಡೆಯ ಸುಪ್ರಾಸ್ಪೈನೇಟಸ್ ಸ್ನಾಯು ಒಂದೇ ಸ್ವಲ್ಪ ಹರಿದಿದ್ದರೆ ಕೀಲು ಸಾಮಾನ್ಯವಾಗಿ ಕದಲುವುದಿಲ್ಲ. ಮುಂದಿನಿಂದ ಸಬ್‌ಸ್ಕಾಪ್ಯುಲಾರಿಸ್, ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್ ಬಿಗಿಯಾಗಿ ಹಿಡಿದಿರುವವರೆಗೆ ತೋಳೆಲುಬಿನ ತಲೆ ಹೆಗಲೆಲುಬಿನ ಗುಳಿಯ ನಡುವೆಯೇ ನಿಲ್ಲುತ್ತದೆ. ಹರಕು ಇವುಗಳಿಗೂ, ಅದರಲ್ಲೂ ಹಿಂಭಾಗಕ್ಕೆ, ಹಬ್ಬಿತೆನ್ನಿ. ಡೆಲ್ಟಾಯ್ಡ್‌ನ (ಹೆಗಲ ಮೇಲಿನ ದೊಡ್ಡ ಸ್ನಾಯು) ಮೇಲ್ಮುಖ ಎಳೆತವನ್ನು ತಡೆಯುವವರಿಲ್ಲದೆ, ತೋಳೆತ್ತುವಾಗ ತಲೆ ಅಕ್ರೋಮಿಯನ್ (ಕೀಲಿನ ಮೇಲೆ ಚಾಚಿರುವ ಹೆಗಲೆಲುಬಿನ ತುದಿ) ಕಡೆಗೆ ಜಾರುತ್ತದೆ.

ಅಕ್ರೋಮಿಯನ್‌ಗೂ ತಲೆಗೂ ನಡುವಿನ ಅಂತರ ಎಕ್ಸ್‌ರೇಯಲ್ಲಿ ಸಾಧಾರಣವಾಗಿ 7ರಿಂದ 14 ಮಿ.ಮೀ. ಅದು 6ಕ್ಕಿಂತ ಕೆಳಗಿಳಿದರೆ ದೊಡ್ಡ, ಹಳೆಯ ಹರಕಿನ ಶಂಕೆ ಬಲವಾಗುತ್ತದೆ. ಆದರೆ ಅಂತರ ಸರಿಯಿದೆ ಎಂದ ಮಾತ್ರಕ್ಕೆ ಹರಕೇ ಇಲ್ಲ ಎನ್ನುವಂತಿಲ್ಲ.

ನಿಂತು ತೆಗೆದ ಎಕ್ಸ್‌ರೇಯನ್ನು ಮಲಗಿಸಿ ತೆಗೆದ ಎಂಆರ್‌ಐ ಜೊತೆ ಹೋಲಿಸಲೂಬಾರದು. ಮಲಗಿದಾಗ ತೋಳಿನ ಭಾರ ಕೆಳಗೆ ಜಗ್ಗುವುದಿಲ್ಲ, ಅಂತರ ಕಿರಿದಾಗಿಯೇ ಕಾಣುತ್ತದೆ. ಎಕ್ಸ್‌ರೇಗೆ ಮೈಯನ್ನು 30–45 ಡಿಗ್ರಿ ಓರೆಯಾಗಿಸಿ, ಗುಳಿಯ ಮುಂದಿನ ಹಿಂದಿನ ಅಂಚುಗಳು ಒಂದರ ಮೇಲೊಂದು ಬೀಳುವಂತೆ ನಿಲ್ಲಿಸಬೇಕು. ಅಂಚುಗಳು ಎರಡಾಗಿ ಕಂಡರೆ ಆ ಚಿತ್ರದಲ್ಲಿ ಅಳೆಯಬೇಡಿ, ಮತ್ತೊಮ್ಮೆ ತೆಗೆಸಿ.

ಇನ್‌ಫ್ರಾಸ್ಪೈನೇಟಸ್‌ನಲ್ಲಿ ಕೊಬ್ಬು ತುಂಬಿಕೊಂಡಿದ್ದರೆ, ಹರಕಿಗೆ ಹೊಲಿಗೆ ಹಾಕಿದರೂ ತೋಳೆಲುಬಿನ ತಲೆ ಕೆಳಗಿಳಿಯುವ ಭರವಸೆ ಕಡಿಮೆ.