ಆಪರೇಷನ್ ಯಾಕೆ ಯಾವಾಗಲೂ ಅವಳಿಗೇ?

ನಮ್ಮ ಸಿಂಧನೂರು ಕಡೆ ಎರಡನೇ ಹೆರಿಗೆ ಆಯಿತೆಂದರೆ ಸಾಕು, ಮನೆಯಲ್ಲಿ ಮತ್ತೆ ಮಕ್ಕಳಾಗದ ಹಾಗೆ ಮಾಡಿಸುವ ಆಪರೇಷನ್ ಮಾತು ಶುರು. ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ಗಂಡನ ಹೆಸರು ಬಂದರೆ ಅತ್ತೆಯೇ ಅಡ್ಡ ಬರುತ್ತಾಳೆ: "ದುಡಿಯೋ ಗಂಡಸು ಅದಾನ, ಅವನಿಗ್ಯಾಕವ್ವ ಇದೆಲ್ಲ?"

ದುಡಿಯುವವನು ಅವನೊಬ್ಬನೇನಾ? ದಿನವಿಡೀ ಕೆಸರಲ್ಲಿ ಬಗ್ಗಿ ಭತ್ತದ ನಾಟಿ ಹಚ್ಚುವವರು ಹೆಂಗಸರೇ ಅಲ್ವಾ? ಹತ್ತಿ ಬಿಡಿಸುವವರೂ ಅವರೇ. ಹೊಟ್ಟೆಯ ಹೊಲಿಗೆ ಸರಿಯಾಗಿ ಮಾಯುವ ಮೊದಲೇ ಕೂಲಿಗೆ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ಈ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ರಕ್ತಹೀನತೆ ಇರುವುದು ನೂರಕ್ಕೆ ಸುಮಾರು 48 ಹೆಂಗಸರಿಗೆ, 20 ಗಂಡಸರಿಗೆ. ಅಂದರೆ ಮೈಯಲ್ಲಿ ರಕ್ತ ಕಡಿಮೆ ಇರುವವರನ್ನೇ ಟೇಬಲ್ ಮೇಲೆ ಮಲಗಿಸುತ್ತಿದ್ದೇವೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಹೆಂಗಸಿನ ಆಪರೇಷನ್‌ಗೆ ಹೊಟ್ಟೆ ಕೊಯ್ಯಬೇಕು. ಗಂಡಸಿನದು ಹಾಗಲ್ಲ. ಚಾಕು ಬಳಸದ ವಿಧಾನದಲ್ಲಿ ಚಿಕ್ಕ ತೂತು ಸಾಕು, ಹೊಲಿಗೆ ಬೇಡ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅವತ್ತೇ ಮನೆಗೆ. ಆಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಬೇಕು, ಅಷ್ಟೇ. ಶಕ್ತಿ ಹೋಗುತ್ತದೆ, ಗಂಡಸ್ತನ ಹೋಗುತ್ತದೆ ಅನ್ನುವುದು ಸುಳ್ಳು. ವೀರ್ಯಾಣು ಬರುವ ದಾರಿ ಮುಚ್ಚುತ್ತದೆ, ಹಾರ್ಮೋನಿಗೆ ಏನೂ ಆಗುವುದಿಲ್ಲ.

ಈ ಹೆದರಿಕೆಗೆ ಕಾರಣ ಇಲ್ಲದಿಲ್ಲ. 1975-77ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಎಳೆದುಕೊಂಡು ಹೋಗಿ ಆಪರೇಷನ್ ಮಾಡಿದರು. ಅದು ತಪ್ಪೇ. ಆದರೆ ಅದಾದ ಮೇಲೆ ಸರ್ಕಾರಗಳು ಗಂಡಸರನ್ನು ಬಿಟ್ಟು ಹೆಚ್ಚಾಗಿ ಹೆಂಗಸರ ಕಡೆ ತಿರುಗಿದವು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಒಂದೇ ಶಿಬಿರದಲ್ಲಿ, ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ನಮ್ಮ ಆಶಾ ಅಕ್ಕಂದಿರ ಮೇಲೆ ನನಗೆ ದೂರಿಲ್ಲ. ಅಗಸಿ ಕಟ್ಟೆ ಮೇಲೆ ಕೂತ ಗಂಡಸರ ಹತ್ತಿರ ಹೋಗಿ ಅವರು ಈ ಮಾತು ಹೇಗೆ ತೆಗೆಯಬೇಕು? ಪುರುಷ ಆರೋಗ್ಯ ಸಿಬ್ಬಂದಿ ಇದ್ದಾರಲ್ಲ, ಆ ಕಟ್ಟೆಗೆ ಅವರು ಬರಲಿ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್‌ಗೆ ಅಂತಲೇ ಎರಡು ವಾರದ ಅಭಿಯಾನ ಇದೆ. ಈ ಸಲ ತಾಲೂಕು ಆಸ್ಪತ್ರೆಗೆ ಹೋಗಿ, ಡಾಕ್ಟರ್ ಯಾವತ್ತು ಬರುತ್ತಾರೆ ಅಂತ ಕೇಳಿ. ಕೇಳಬೇಕಾದವರು ಗಂಡಂದಿರು.