ಬಿಎಸ್‌ಎ ಅಂದ್ರೆ ಸೈಕಲ್ ಕಂಪನಿ ಅಲ್ವಾ?

ಹೋದ ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಕೆಳಗೆ, ಟೀ ಅಂಗಡಿ ಮುಂದೆ ಒಂದು ಹೊಸ ಬಿಎಸ್‌ಎ ಗೋಲ್ಡ್ ಸ್ಟಾರ್ ನಿಂತಿತ್ತು. ಟ್ಯಾಂಕಿನ ಕ್ರೋಮ್ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಐದೇ ನಿಮಿಷಕ್ಕೆ ಹತ್ತು ಜನ ಸುತ್ತ ಸೇರಿದರು. ನಾನೂ ಟೀ ಗ್ಲಾಸ್ ಹಿಡಿದುಕೊಂಡೇ ಹೋದೆ. ನಮ್ಮ ಬೀದಿಯ ಅಂಕಲ್ ಒಬ್ಬರು ವಾಕಿಂಗ್ ಮುಗಿಸಿ ಬಂದವರು, ಟ್ಯಾಂಕಿನ ಮೇಲಿನ ಹೆಸರು ಓದಿ ಕೇಳಿದರು: "ಬಿಎಸ್‌ಎ ಅಂದ್ರೆ ಸೈಕಲ್ ಕಂಪನಿ ಅಲ್ವಾ? ಇಷ್ಟು ದಪ್ಪ ಯಾವಾಗ ಆಯ್ತು?"

ಎಲ್ಲರೂ ನಕ್ಕೆವು. ಆದರೆ ತಪ್ಪೇನು? ನನ್ನ ವಯಸ್ಸಿನವರಿಗೆ ಬಿಎಸ್‌ಎ ಅಂದರೆ ಎಸ್‌ಎಲ್‌ಆರ್ ಸೈಕಲ್ಲೇ. ಮದ್ರಾಸಿನ ಟಿಐ ಸೈಕಲ್ಸ್‌ನವರು ಮಾಡುತ್ತಿದ್ದರು. ಹೈಸ್ಕೂಲಿಗೆ ಅದರ ಮೇಲೇ ಹೋಗಿದ್ದು, ಹಿಂದೆ ತಮ್ಮನನ್ನು ಕೂರಿಸಿಕೊಂಡು. ಆ ಮೂರಕ್ಷರದ ಹಿಂದೆ ಬಂದೂಕು ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ಮಾಡುವವರು ಒಟ್ಟು ಸೇರಿ ಕಟ್ಟಿದ ಕಂಪನಿ. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕೇ ಅವರ ಗುರುತು. ಬೈಕಿಗೆ ಕೈ ಹಾಕಿದ್ದು 1910ರಲ್ಲಿ. 1950ರ ದಶಕದಲ್ಲಿ ಪ್ರಪಂಚದಲ್ಲೇ ದೊಡ್ಡ ಬೈಕ್ ಕಂಪನಿ ಅದು. 1973ಕ್ಕೆ ಕಥೆ ಮುಗಿಯಿತು. ಈಗ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕೈಯಲ್ಲಿ ಎದ್ದು ಕೂತಿದೆ. 2021ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲೇ ಮುಖ ತೋರಿಸಿತು. ನಮ್ಮಲ್ಲಿಗೆ ಬಂದಿದ್ದು 2024ರ ಆಗಸ್ಟ್ 15ಕ್ಕೆ. ದಿನ ನೋಡಿಯೇ ಇಟ್ಟಿದ್ದಾರೆ, ಬಿಡಿ.

ಟೀ ಅಂಗಡಿ ಮುಂದೆ ಅವತ್ತು ಎರಡು ಪಕ್ಷ ಆಯಿತು. ಬೈಕ್ ಗುಂಪುಗಳಲ್ಲೂ ಈ ಜಗಳ ನೋಡಿರುತ್ತೀರಿ.

ಒಂದು ಪಕ್ಷದವರದು ಬರೀ ಸಂಭ್ರಮ. "ನಮ್ಮನ್ನು ಆಳಿದವರ ಕಂಪನಿಗಳನ್ನೆಲ್ಲ ನಾವೇ ಕೊಂಡುಬಿಟ್ವಿ ನೋಡಿ!" ಎನ್‌ಫೀಲ್ಡ್ ಮೊದಲೇ ನಮ್ಮದಾಯಿತು. ನಾರ್ಟನ್ ಕಂಪನಿಯನ್ನು 2020ರಲ್ಲಿ ಟಿವಿಎಸ್ 1.6 ಕೋಟಿ ಪೌಂಡ್ ಕೊಟ್ಟು ತೆಗೆದುಕೊಂಡಿತು. ನಂಜನಗೂಡು ರಸ್ತೆಯಲ್ಲಿ, ಕಡಕೊಳದ ಹತ್ತಿರ ಕಾರ್ಖಾನೆ ಇದೆಯಲ್ಲ, ಅದೇ ಟಿವಿಎಸ್. ಟ್ರಯಂಫ್ 400 ಬಜಾಜ್‌ನವರ ಚಾಕಣ್‌ನಲ್ಲಿ ತಯಾರಾಗುತ್ತೆ. ಖುಷಿಯ ವಿಷಯವೇ, ಇಲ್ಲ ಅನ್ನಲ್ಲ. ಆದರೆ ಬೈಕ್ ಕೊಂಡವನಿಗಿಂತ ಕೊಳ್ಳದವನೇ ಜಾಸ್ತಿ ಎದೆ ಉಬ್ಬಿಸಿಕೊಂಡು ಓಡಾಡುವುದು ಯಾಕೋ ಗೊತ್ತಿಲ್ಲ.

ಇನ್ನೊಂದು ಪಕ್ಷದವರಿಗೆ ಯಾವುದೂ ಸರಿ ಇಲ್ಲ. "ಕಿಕ್ಕರ್ ಇಲ್ಲದ ಬಿಎಸ್‌ಎನೂ ಒಂದು ಬಿಎಸ್‌ಎನಾ? ಮುಂದೆ ರೇಡಿಯೇಟರ್ ನೇತಾಕಿದ್ದಾರೆ. ಎಂಜಿನ್ ಬೇರೆ ಆಸ್ಟ್ರಿಯಾದ ರೋಟ್ಯಾಕ್ಸ್‌ದಂತೆ."

ಇವರ ಜೊತೆ ಒಂದು ಮಾತು. ನೀವು ಕೇಳುತ್ತಿರುವ ಹಳೆಯ ಗೋಲ್ಡ್ ಸ್ಟಾರ್, ಅದರಲ್ಲೂ ಎಲ್ಲರೂ ಫೋಟೋ ಹಾಕಿಕೊಳ್ಳುವ ಡಿಬಿಡಿ34 ಮಾಡೆಲ್, ರೇಸಿಗೆ ಹುಟ್ಟಿದ ಗಾಡಿ. ಹೆಸರೇ ರೇಸಿನಿಂದ ಬಂದಿದ್ದು. 1937ರಲ್ಲಿ ವಾಲ್ ಹ್ಯಾಂಡ್ಲಿ ಅನ್ನುವ ರೇಸರ್ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬಿಎಸ್‌ಎ ಓಡಿಸಿ ಗಂಟೆಗೆ 100 ಮೈಲಿ ದಾಟಿದ. ಹಾಗೆ ದಾಟಿದವರಿಗೆ ಅಲ್ಲಿ ಚಿನ್ನದ ನಕ್ಷತ್ರದ ಬಿಲ್ಲೆ ಕೊಡುತ್ತಿದ್ದರು. ಮಾರನೇ ವರ್ಷ ಬಂದ ಬೈಕಿಗೆ ಅದೇ ಹೆಸರು. ಆ ಡಿಬಿಡಿ34ಗೆ ಹಾಕುತ್ತಿದ್ದ ಅಮಾಲ್ ಜಿಪಿ ಕಾರ್ಬುರೇಟರಿನಲ್ಲಿ ಐಡ್ಲಿಂಗ್ ಅನ್ನುವುದೇ ಇರಲಿಲ್ಲ. ಕೈ ಬಿಟ್ಟರೆ ಎಂಜಿನ್ ಆಫ್. ರೇಸ್ ಗೇರ್‌ಬಾಕ್ಸ್ ಇದ್ದರಂತೂ ಮೊದಲನೇ ಗೇರಿನಲ್ಲೇ ಗಂಟೆಗೆ 60 ಮೈಲಿ ವೇಗದ ಹತ್ತಿರ ಹೋಗಬಹುದಿತ್ತು, ಅಂದರೆ ನಿಂತಲ್ಲಿಂದ ಹೊರಡಬೇಕಾದರೆ ಕ್ಲಚ್ ಸುಟ್ಟುಕೊಂಡೇ ಹೊರಡಬೇಕು. ದಸರಾ ಸಮಯದಲ್ಲಿ ರಾಮಸ್ವಾಮಿ ಸರ್ಕಲ್ ಸಿಗ್ನಲ್ಲಿನಲ್ಲಿ ಅದರ ಮೇಲೆ ಕೂತು ಎಕ್ಸಿಲೇಟರ್ ತಿರುಚುತ್ತಾ ಇರಿ. ಹಿಂದಿನ ಆಟೋದವನು ನಿಮ್ಮ ಪರಂಪರೆ ಪ್ರೀತಿಗೆ ಏನು ಬಿರುದು ಕೊಡುತ್ತಾನೆ ನೋಡೋಣ.

ಅಷ್ಟಕ್ಕೂ ಬಿಎಸ್‌ಎ ಮುಳುಗಿದ್ದೇ ಬದಲಾಗದೆ. 1969ರಲ್ಲಿ ಹೋಂಡಾ ಸಿಬಿ750 ಬಂತು. ಬಟನ್ ಒತ್ತಿದರೆ ಸ್ಟಾರ್ಟ್, ಮುಂದೆ ಡಿಸ್ಕ್ ಬ್ರೇಕ್, ಕೆಳಗೆ ಒಂದು ಹನಿ ಆಯಿಲ್ ಸೋರದು. ಬಿಎಸ್‌ಎ ಕಡೆಯಿಂದ ಮೂರು ಸಿಲಿಂಡರಿನ ರಾಕೆಟ್ 3 ಇತ್ತು, ಒಳ್ಳೆಯ ಎಂಜಿನ್ನೇ, ಆದರೆ ಕಿಕ್ ಹೊಡೆಯಬೇಕಿತ್ತು, ಡ್ರಮ್ ಬ್ರೇಕ್ ಇತ್ತು. ಕಿಕ್ಕರನ್ನು ಪೂಜೆ ಮಾಡುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈಗಿನದು 652 ಸಿಸಿ, ಸುಮಾರು 45 ಕುದುರೆ ಬಲ, ನೀರಿನಿಂದ ತಂಪಾಗುವ ಎಂಜಿನ್. ಆದರೂ ಒಂದೇ ಸಿಲಿಂಡರ್ ಉಳಿಸಿಕೊಂಡಿದ್ದಾರೆ. ಎರಡು ಸಿಲಿಂಡರ್ ಹಾಕಿ ಮಾರುವುದು ಸುಲಭ ಇತ್ತು. ಹಾಕಲಿಲ್ಲ. ನನಗೆ ಅಷ್ಟು ಸಾಕು.

ಹಾಗಂತ ಗೊಣಗುವವರೆಲ್ಲ ದಡ್ಡರಲ್ಲ. ಗೋಲ್ಡ್ ಸ್ಟಾರ್ ಬಂದಾಗ ಇಂಗ್ಲೆಂಡಿನ ಹಳೆಯ ಬಿಎಸ್‌ಎ ಸವಾರರಲ್ಲಿ ಕೆಲವರು "ಇಂಡಿಯಾದಲ್ಲಿ ಮಾಡಿದ್ದು ಬಿಎಸ್‌ಎ ಹೇಗಾಗುತ್ತೆ" ಅಂದರು. ನಮ್ಮ ಹುಡುಗರಿಗೆ ಸಿಟ್ಟು ಬಂತು. ಅಹಂಕಾರ ನೋಡಿ ಇವರಿಗೆ, ಇನ್ನೂ ಹೋಗಿಲ್ಲ ಅಂದರು. ಕೆಲವರದು ಅಹಂಕಾರವೂ ಇರಬಹುದು. ಆದರೆ ನನಗೆ ಅದನ್ನು ಓದಿ ಸಿಟ್ಟು ಬರಲಿಲ್ಲ, ಯಾಕಂದರೆ ಆ ಮಾತನ್ನು ನಾನೇ ಆಡಿದ್ದೆ. 2018ರಲ್ಲಿ.

ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಯಾದವಗಿರಿಯ ಐಡಿಯಲ್ ಜಾವಾ. ರುಸ್ತುಂ ಇರಾನಿ ಇಲ್ಲಿ ಬಂದು ಕಾರ್ಖಾನೆ ಕಟ್ಟಿದರು. 1961ರಿಂದ ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ, ಆಮೇಲೆ ರೋಡ್‌ಕಿಂಗ್. 'ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ' ಅಂತ ಬರೆದುಕೊಂಡೇ ಓಡಾಡಿದವು. 1996ರಲ್ಲಿ ಬಾಗಿಲು ಹಾಕಿತು. ನಮ್ಮಮ್ಮ ಈಗಲೂ ಆ ಕಡೆ ಹೋಗಬೇಕಾದರೆ ಆಟೋದವರಿಗೆ "ಜಾವಾ ಫ್ಯಾಕ್ಟರಿ ಹತ್ರ" ಅಂತಲೇ ಹೇಳುವುದು. ಹೊಸ ಆಟೋ ಹುಡುಗರು ಪಿಳಿಪಿಳಿ ನೋಡುತ್ತಾರೆ.

2018ರ ನವೆಂಬರ್‌ನಲ್ಲಿ ಜಾವಾ ವಾಪಸ್ ಬಂತು. ಇದೇ ಕ್ಲಾಸಿಕ್ ಲೆಜೆಂಡ್ಸ್. ಆ ಕಂಪನಿ ಕಟ್ಟಿದವರಲ್ಲಿ ಒಬ್ಬರು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ. ಟಿವಿಯಲ್ಲಿ ಎರಡು ಸೈಲೆನ್ಸರ್ ನೋಡಿದ ಕೂಡಲೇ ಗಂಟಲು ಕಟ್ಟಿತು, ನಿಜ ಹೇಳುತ್ತೇನೆ. ಮರುಕ್ಷಣ, ತಯಾರಿ ಎಲ್ಲಿ ಅಂತ ನೋಡಿದೆ. ಮಧ್ಯಪ್ರದೇಶದ ಪೀತಂಪುರ. ಅವತ್ತು ನಾನು ಅಂದಿದ್ದು ಅದೇ: "ಪೀತಂಪುರದಲ್ಲಿ ಮಾಡಿದ್ದು ಜಾವಾ ಹೇಗಾಗುತ್ತೆ?" 2022ರಲ್ಲಿ ಯೆಜ್ಡಿ ಬಂದಾಗಲೂ ಇನ್ನೊಂದು ಸಲ ಅಂದೆ. ಹಾಗೆ ನೋಡಿದರೆ ಜಾವಾ ನಮ್ಮದೂ ಅಲ್ಲ, ಚೆಕ್‌ನವರದು. ಅಲ್ಲಿಯ ಯಾರೋ ಒಬ್ಬ ತಾತ 1961ರಲ್ಲಿ "ಮೈಸೂರಿನಲ್ಲಿ ಮಾಡಿದ್ದು ಜಾವಾ ಹೇಗಾಗುತ್ತೆ" ಅಂತ ಅಂದಿರಲೂಬಹುದು!

ಹಾಗಾಗಿ ಬರ್ಮಿಂಗ್‌ಹ್ಯಾಮಿನ ಆ ಮುದುಕರ ಹೊಟ್ಟೆಯುರಿ ಈ ದೇಶದಲ್ಲಿ ಯಾರಿಗಾದರೂ ಅರ್ಥವಾಗಬೇಕಾದರೆ ಅದು ಮೈಸೂರಿನವರಿಗೆ. ಅವರ ಸ್ಮಾಲ್ ಹೀತ್ ಕಾರ್ಖಾನೆಯ ಬಹುಪಾಲು ಕೆಡವಿಬಿಟ್ಟರು. ನಮ್ಮದರ ಕಥೆಯೂ ಗೊತ್ತಲ್ಲ. ಇಬ್ಬರ ಹೆಸರೂ ಈಗ ಒಂದೇ ಮನೆಯಲ್ಲಿ ಬಾಡಿಗೆಗಿವೆ. ಟ್ಯಾಂಕಿನ ಮೇಲೆ ಹೆಸರು ಬಂತು. ಆದರೆ ಸಂಜೆ ಶಿಫ್ಟ್ ಬಿಟ್ಟಾಗ ಕೈ ತೊಳೆದುಕೊಂಡು ಸೈಕಲ್ ಏರುತ್ತಿದ್ದ ಜನ, ಅವರನ್ನು ನಂಬಿಕೊಂಡಿದ್ದ ಹೋಟೆಲು, ಚೀಟಿ ವ್ಯವಹಾರ, ಅದು ಯಾವುದೂ ಬರಲಿಲ್ಲ. ಇದಕ್ಕೆ ಈಗಿನ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಆದರೆ ಬ್ರ್ಯಾಂಡ್ ಹುಟ್ಟಿ ಬಂತು ಅಂತ ಕೇಕ್ ಕತ್ತರಿಸುವಾಗ ಹುಟ್ಟಿದ್ದು ಏನು, ಹುಟ್ಟದೇ ಇರುವುದು ಏನು ಅಂತ ಗೊತ್ತಿರಲಿ.

ಇನ್ನು ಕೊಳ್ಳುವವರ ಪಾಡು. 2025ರ ಸೆಪ್ಟೆಂಬರ್‌ನಿಂದ 350 ಸಿಸಿ ದಾಟಿದ ಬೈಕಿಗೆ 40 ಪರ್ಸೆಂಟ್ ಜಿಎಸ್‌ಟಿ. ಅಷ್ಟು ಕಟ್ಟಿ 650 ತಂದು, ಮದ್ದೂರಿಗೆ ವಡೆ ತಿನ್ನೋಣ ಅಂತ ಹೊರಟರೆ, ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಟೂ ವೀಲರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಮಂಡ್ಯದ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗಬೇಕು. ಗೋಲ್ಡ್ ಸ್ಟಾರ್ ಎರಡನೇ ಗೇರಿನಲ್ಲಿ, ಕಬ್ಬಿನ ಗರಿ ಹೆಲ್ಮೆಟ್ಟಿಗೆ ಹೊಡೆಯುತ್ತಾ!

ಅಂಕಲ್ ವಿಷಯ ಅರ್ಧಕ್ಕೇ ಬಿಟ್ಟೆ. ಸೈಕಲ್ ಕಂಪನಿ ಅಂದಿದ್ದು ಸುಮ್ನೆ ಕಾಲೆಳೆಯುವುದಕ್ಕೆ ಅಂತ ಆಮೇಲೆ ಗೊತ್ತಾಯಿತು. ಅವರು ಜಾವಾ ಫ್ಯಾಕ್ಟರಿಯಲ್ಲಿ ಬಾಗಿಲು ಹಾಕುವ ತನಕ ಕೆಲಸ ಮಾಡಿದವರು. ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ಎರಡೂ ಪಕ್ಷದ ಜಗಳ ನಡೆಯುತ್ತಿರುವಾಗ ಅವರು ಕುಕ್ಕರಗಾಲಲ್ಲಿ ಕೂತು ಎಂಜಿನ್ ನೋಡುತ್ತಿದ್ದರು. ಕೇಸಿಂಗ್ ಮೇಲೆ ಬೆರಳು ಆಡಿಸಿದರು. ಸ್ಟಾರ್ಟ್ ಮಾಡಪ್ಪ ಅಂದರು. ಬೈಕ್ ತಂದಿದ್ದ ಹುಡುಗ ಬಟನ್ ಒತ್ತಿದ. ಕಿವಿ ಕೊಟ್ಟು ಕೇಳಿದರು. "ಚೆನ್ನಾಗಿ ಮಾಡಿದ್ದಾರೆ" ಅಂದರು, ಅಷ್ಟೇ. ಕಿಕ್ಕರ್ ಇಲ್ಲ ಅಂತ ಒಂದು ಮಾತೂ ಆಡಲಿಲ್ಲ.

ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಕೇಳಿದರು, "ಕ್ಲಚ್ ಪ್ಲೇಟ್ ಎಲ್ಲಿ ಸಿಗುತ್ತಪ್ಪಾ ಇದಕ್ಕೆ?"

ಹುಡುಗ ತಲೆ ಕೆರೆದುಕೊಂಡ. "ಇನ್ನೂ ಸವೆದಿಲ್ಲ ಅಂಕಲ್" ಅಂದ.