ಚಾರು ನೋಡುತ್ತಾಳೆ, ಭೂಪತಿಗೆ ಕಾಣಿಸುವುದಿಲ್ಲ

ಗಂಡ ಹೆಂಡತಿ ಮಧ್ಯೆ ಹೊಂದಾಣಿಕೆ ಇಲ್ಲ ಅಂತ ತೋರಿಸಬೇಕಾದರೆ ಈಗಿನ ಸಿನಿಮಾಗಳಲ್ಲಿ ಒಂದು ಜಗಳ ಇಟ್ಟೇ ಇಡುತ್ತಾರೆ. ಬಾಗಿಲು ದಡಾರನೆ ಮುಚ್ಚುತ್ತದೆ, ಉದ್ದುದ್ದ ಡೈಲಾಗ್ ಬರುತ್ತದೆ. 1964ರ ‘ಚಾರುಲತಾ’ದಲ್ಲಿ ಸತ್ಯಜಿತ್ ರಾಯ್‌ಗೆ ಇದ್ಯಾವುದೂ ಬೇಕಾಗಲಿಲ್ಲ. ಮೊದಲ ಕೆಲವು ನಿಮಿಷ ಮಾತೇ ಇಲ್ಲ ಅನ್ನಬಹುದು. ಅಷ್ಟರಲ್ಲೇ ಆ ಸಂಸಾರ ನಮಗೆ ಅರ್ಥವಾಗಿಬಿಡುತ್ತದೆ.

19ನೇ ಶತಮಾನದ ಕಲ್ಕತ್ತಾ, ದೊಡ್ಡ ಮನೆ. ಚಾರು ಕರವಸ್ತ್ರದ ಮೇಲೆ ಗಂಡನ ಹೆಸರಿನ ಮೊದಲಕ್ಷರ ಕಸೂತಿ ಹಾಕುತ್ತಿದ್ದಾಳೆ. ಆಮೇಲೆ ಹೊತ್ತು ಹೋಗದೆ, ಹಿಡಿ ಇರುವ ಪುಟ್ಟ ದುರ್ಬೀನು ತಗೊಂಡು ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ. ಕೋತಿ ಆಡಿಸುವವನು, ಪಲ್ಲಕ್ಕಿ, ಕೊಡೆ ಹಿಡಿದ ದಢೂತಿ ಮನುಷ್ಯ, ಎಲ್ಲವೂ ಕಿಟಕಿಯ ಪಟ್ಟಿಗಳ ಸಂದಿಯಿಂದಲೇ. ಅಷ್ಟರಲ್ಲಿ ಗಂಡ ಭೂಪತಿ ಪುಸ್ತಕ ಓದುತ್ತಾ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ತಲೆ ಎತ್ತುವುದೇ ಇಲ್ಲ. ಆಗ ಅವಳು ಅದೇ ದುರ್ಬೀನಿನಲ್ಲಿ ಗಂಡನನ್ನು ನೋಡುತ್ತಾಳೆ! ನಾಲ್ಕು ಹೆಜ್ಜೆ ಆಚೆ ಇರುವ ಗಂಡನನ್ನು, ಬೀದಿಯಲ್ಲಿ ಹೋಗುವವರನ್ನು ನೋಡಿದ ಹಾಗೇ. ದುರ್ಬೀನು ಕೆಳಗಿಳಿದದ್ದೇ ತಡ, ದೃಶ್ಯ ಸರ್ರನೆ ಹಿಂದಕ್ಕೆ ಸರಿಯುತ್ತದೆ. ಅವಳು ಒಬ್ಬಳೇ ಉಳಿಯುತ್ತಾಳೆ.

ಈ ಸಿನಿಮಾ ಅಂದರೆ ಎಲ್ಲರೂ ಮೊದಲು ಚಾರು ಮನಸೋಲುವ ಮೈದುನ ಅಮಲ್ ವಿಷಯ ಎತ್ತುತ್ತಾರೆ. ನನಗೆ ಇದು ಮುಖ್ಯವಾಗಿ ಗಂಡ ಹೆಂಡತಿಯ ಕಥೆ. ಹಾಗಂತ ಉಯ್ಯಾಲೆ ದೃಶ್ಯ ಬಿಡೋಕಾಗಲ್ಲ. ಸುಬ್ರತ ಮಿತ್ರ ಅವರ ಕ್ಯಾಮೆರಾ ಉಯ್ಯಾಲೆ ಜೊತೆಗೇ ತೂಗುತ್ತದೆ. ಹಾಗಾಗಿ ಚಾರು ಮುಖ ಪರದೆ ಮೇಲೆ ಇದ್ದಲ್ಲೇ ಇರುತ್ತದೆ, ಹಿಂದಿನ ತೋಟವೆಲ್ಲ ಓಲಾಡುತ್ತದೆ. ಅಮಲ್ ಹುಲ್ಲಿನ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಾನೆ. ಇವಳ ಲೋಕವೇ ಅಲ್ಲಾಡುತ್ತಿರುವುದು ಅವನಿಗೂ ಗೊತ್ತಿಲ್ಲ. ದುರ್ಬೀನು ಇಲ್ಲೂ ಅವಳ ಕೈಯಲ್ಲೇ ಇದೆ. ಇಡೀ ಸಿನಿಮಾದಲ್ಲಿ ನೋಡುವವಳು ಅವಳೇ, ಅಲ್ವಾ?

ಕೊನೆಯಲ್ಲಿ ಚಾರು, ಭೂಪತಿ ಇಬ್ಬರ ಕೈಗಳೂ ಇನ್ನೇನು ಸೇರಬೇಕು, ಅಲ್ಲೇ ಚಿತ್ರ ನಿಂತುಬಿಡುತ್ತದೆ. ಮಾತಿನಲ್ಲಿ ಹೇಳಿದ್ದರೆ ಒಂದಾದರೋ ಇಲ್ಲವೋ ಅಂತ ತೀರ್ಪು ಕೊಡಬೇಕಾಗುತ್ತಿತ್ತು.

ಭೂಪತಿಯನ್ನು ಕೆಟ್ಟ ಗಂಡ ಅನ್ನುವವರ ಮಾತು ನಾನು ಒಪ್ಪಲ್ಲ. ಅವನು ಒಳ್ಳೆಯವನು, ಹೆಂಡತಿ ಮೇಲೆ ಪ್ರೀತಿ ಇದೆ. ಆದರೆ ಅವನ ಕಣ್ಣು ಯಾವಾಗಲೂ ತನ್ನ ಇಂಗ್ಲಿಷ್ ಪತ್ರಿಕೆ ಮೇಲೆ, ರಾಜಕೀಯದ ಮೇಲೆ. ಅಮಲ್‌ಗಾಗಿ ಅವಳು ಅತ್ತಿದ್ದು ಗೊತ್ತಾದ ಮೇಲೆ ಅವನು ಕುದುರೆಗಾಡಿಯಲ್ಲಿ ಸುಮ್ನೆ ಸುತ್ತುತ್ತಾ ಅಳುತ್ತಾನಲ್ಲ, ಆ ಮುಖವನ್ನು ರಾಯ್ ಎಷ್ಟು ಅಕ್ಕರೆಯಿಂದ ತೋರಿಸಿದ್ದಾರೆ ನೋಡಿ. ಕೆಟ್ಟವನನ್ನು ಯಾರೂ ಹಾಗೆ ತೋರಿಸಲ್ಲ.